ಕೊಟ್ಟ ಕಡೆ, ಕೊಡದ ಕಡೆ

ಟೀ ಲೋಟಕ್ಕೆ ಚಮಚ ಹಾಕಿ ಕಲಕುವವರನ್ನು ಕಂಡಾಗಲೆಲ್ಲ ನನಗೆ ನಮ್ಮ ವಿಜ್ಞಾನದ ಮೇಷ್ಟ್ರು ನೆನಪಾಗುತ್ತಾರೆ. ಎಲ್ಲರೂ ಒಂದೇ ದಿಕ್ಕಿಗೆ ಕಲಕುತ್ತಾರೆ, ಸಕ್ಕರೆ ಕರಗುತ್ತದೆ, ಕುಡಿದು ಎದ್ದು ಹೋಗುತ್ತಾರೆ. ಇವರು ಮಾತ್ರ ಬಲಕ್ಕೆ ತಿರುಗಿಸಿ ತಿರುಗಿಸಿ, ಲೋಟದ ನಡುವೆ ಗುಳಿ ಬಿದ್ದಮೇಲೆ ತಟ್ಟನೆ ಎಡಕ್ಕೆ ತಿರುಗಿಸಿ, ಮೇಜೆಲ್ಲ ಒದ್ದೆ ಮಾಡಿ, ಉಳಿದದ್ದು ತಣ್ಣಗಾದ ಮೇಲೆ ಕುಡಿಯುತ್ತಿದ್ದರು. ತಿಪ್ಪಸಂದ್ರದ ಟೀ ಅಂಗಡಿಯವನು ಅವರಿಗೆ ಮುಕ್ಕಾಲು ಲೋಟ ಮಾತ್ರ ಕೊಡುವುದನ್ನು ಅಭ್ಯಾಸ ಮಾಡಿಕೊಂಡಿದ್ದ. "ಮಿಕ್ಕಿದ್ದು ಎಂಗೂ ಮೇಜಿಗೇ ಹೋಯ್ತದೆ, ಅದ್ನ ನಾನೇ ಮಡಿಕತ್ತೀನಿ" ಅನ್ನುತ್ತಿದ್ದ.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ಅವರನ್ನು ಹೆಸರು ಹಿಡಿದು ಕರೆದವರು ಕಮ್ಮಿ. ನಮ್ಮ ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಮೇಷ್ಟ್ರು, ನಾನು ಕನ್ನಡ ಮೇಷ್ಟ್ರು. ಒಂದೇ ಸ್ಟಾಫ್ ರೂಮಿನಲ್ಲಿ ಒಂದೇ ಮೇಜಿನ ಆ ಕಡೆ ಈ ಕಡೆ ಕೂತು ನಮ್ಮಿಬ್ಬರ ತಲೆ ನರೆಯಿತು. ನಿವೃತ್ತರಾದ ಮೇಲೂ ಒಂದೇ ಊರಿನಲ್ಲಿ ಉಳಿದೆವು. ಕಳೆದ ವರ್ಷ ಗೌರಿ ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಅವರು ಹೋಗಿಬಿಟ್ಟರು. ಅಂದಿನಿಂದ ಮಾತಿಗೆ ಅಡ್ಡ ಹಾಕುವವರಿಲ್ಲದೆ ನಾನು ಹೇಳಿದ್ದೆಲ್ಲ ಸರಿಯಾಗಿಬಿಡುತ್ತಿದೆ. ಇದು ನನಗೆ ಒಗ್ಗುತ್ತಿಲ್ಲ.

ಯಾರು ಏನೇ ಹೇಳಿದರೂ ಅವರ ಬಾಯಿಂದ ಬರುತ್ತಿದ್ದುದು ಒಂದೇ ಪ್ರಶ್ನೆ: "ಹೋಲಿಸಿ ನೋಡಿದ್ರಾ?" ಒಂದು ಸಲ ನಮ್ಮ ಹೆಡ್ಮೇಷ್ಟ್ರು ಯಾವುದೋ ಎಣ್ಣೆ ತಿಕ್ಕಿಕೊಂಡು ಮಂಡಿನೋವು ವಾಸಿಯಾಯಿತೆಂದು ಸಂಭ್ರಮದಿಂದ ಹೇಳುತ್ತಿದ್ದರು. ಇವರು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು.

"ಎರಡು ಮಂಡಿಗೂ ಹಚ್ಚಿದ್ರಾ ಸಾರ್?"

"ಹೂಂ ಕಣಪ್ಪ, ಎರಡೂ ನೋಯ್ತಿತ್ತಲ್ಲ."

"ಛೆ, ಒಂದನ್ನ ಹಂಗೇ ಬಿಡಬೇಕಿತ್ತು. ಈಗ ಎಣ್ಣೆಯಿಂದ ವಾಸಿಯಾಯ್ತೋ, ತಾನಾಗೇ ವಾಸಿಯಾಯ್ತೋ, ಹೆಂಗೆ ಗೊತ್ತಾಗಬೇಕು?"

ಹೆಡ್ಮೇಷ್ಟ್ರು ಆ ತಿಂಗಳೆಲ್ಲ ಇವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಇವರಿಗೆ ಅದು ಗೊತ್ತೂ ಆಗಲಿಲ್ಲ. ತಮಾಷೆಗೆ ಕೇಳಿದ್ದಾಗಿದ್ದರೆ ಗೊತ್ತಾಗುತ್ತಿತ್ತು. ಅವರು ನಿಜವಾಗಿಯೇ ಆ ಇನ್ನೊಂದು ಮಂಡಿಯ ಬಗ್ಗೆ ಚಿಂತೆ ಮಾಡುತ್ತಿದ್ದರು.

ಇಂಥ ಮನುಷ್ಯ ನಿವೃತ್ತಿಯಾದ ಮೇಲೆ ಕೊಂಬಿನ ಗೊಬ್ಬರದ ಹಿಂದೆ ಬಿದ್ದರು ಅಂದರೆ ನಾನು ನಕ್ಕಿದ್ದರಲ್ಲಿ ತಪ್ಪೇನಿದೆ? ಕನಕಪುರದ ಕಡೆ ಒಂದು ತೋಟದಲ್ಲಿ ಬಯೋಡೈನಮಿಕ್ ಕೃಷಿಯ ತರಬೇತಿ ಅಂತ ಹೋಗಿದ್ದರು. ಬರುವಾಗ ಕೈಚೀಲದಲ್ಲಿ ಎರಡು ಹಸುವಿನ ಕೊಂಬು, ಜೇಬಿನಲ್ಲಿ ಒಂದು ಹಿಡಿ ಮಣ್ಣು. ನಮ್ಮ ಮನೆ ಜಗಲಿ ಮೇಲೆ ಕೂತು ಆ ಮಣ್ಣನ್ನು ನನ್ನ ಅಂಗೈಗೆ ಸುರಿದು, "ಮೂಸಿ ನೋಡಿ" ಅಂದರು. ಮೂಸಿದೆ. ಮೊದಲ ಮಳೆ ಬಿದ್ದ ಕಾಡಿನ ವಾಸನೆ.

"ನಮ್ಮವ್ವ ಉಳೋವಾಗ ನಮ್ಮ ಹೊಲದ ಮಣ್ಣು ಹಿಂಗೇ ಇತ್ತು ಕನ್ನಡ ಮೇಷ್ಟ್ರೇ. ಈಗ ನೋಡಿ, ಕಾಲಿಟ್ರೆ ಇಟ್ಟಿಗೆ."

ಅವರಿಗೆ ಅದು ನಿಜವಾಗಬೇಕು ಅಂತ ಆಸೆ ಇತ್ತು. ಆಸೆ ಇದ್ದದ್ದಕ್ಕೇ ಸುಮ್ಮನೆ ನಂಬಲು ಹೆದರುತ್ತಿದ್ದರು. ಕೊಂಬಿನ ಗೊಬ್ಬರ ಹಾಕಿದರೆ ಇಳುವರಿ ಏರುತ್ತದೋ ಇಲ್ಲವೋ ಎಂಬುದನ್ನು ತಮ್ಮ ಹೊಲದಲ್ಲಿ, ತಮ್ಮ ಕಣ್ಣಿನಿಂದ ನೋಡಿ ಹೇಳಬೇಕು, ಅದನ್ನು ಹೇಳದೆ ತಾನು ಸಾಯಬಾರದು ಅನ್ನುವ ಹಟಕ್ಕೆ ಬಿದ್ದರು. ಉಳಿದ ಆಯುಷ್ಯವೆಲ್ಲ ಅದಕ್ಕೇ ಹೋಯಿತು.

ಮೊದಲು ಕೊಂಬು ಬೇಕಲ್ಲ. ಕರು ಹಾಕಿದ ಹಸುವಿನದ್ದೇ ಆಗಬೇಕು, ಎತ್ತಿನದ್ದಾಗದು. ಊರಲ್ಲಿ ಯಾರದಾದರೂ ಹಸು ಸತ್ತರೆ ಹೂಳುವ ಮೊದಲೇ ಮೇಷ್ಟ್ರು ಅಲ್ಲಿ ಹಾಜರು. ಮನೆಯವರ ಜೊತೆ ಕೂತು ಆ ಹಸುವಿನ ಗುಣಗಾನ ಮಾಡುವುದು, ಎಷ್ಟು ಹಾಲು ಕೊಡುತ್ತಿತ್ತು ಎಂದು ವಿಚಾರಿಸುವುದು, ಆಮೇಲೆ ಒಂದು ಕೆಮ್ಮು ಕೆಮ್ಮಿ, "ಅದರ ಕೊಂಬು..." ಅಂತ ಶುರು ಮಾಡುವುದು. ಕೆಲವರು ಕೊಟ್ಟರು, ಕೆಲವರು ದೊಣ್ಣೆ ಹುಡುಕಿದರು. "ಹಸ ಉಸಾರು ತಪ್ಪಿದ್ರೆ ಡಾಕ್ಟ್ರಿಗಿಂತ ಮೊದ್ಲು ಮೇಷ್ಟ್ರು ಬತ್ತಾರೆ" ಅಂತ ಊರೆಲ್ಲ ಆಡಿಕೊಂಡಿತು. ನಮ್ಮ ಕಡೆಯ ನಾಟಿ ಹಸುಗಳ ಕೊಂಬು ಉದ್ದ ಇರುತ್ತದೆ, ಆದರೆ ಸಪೂರ. ಒಳಗೆ ಹಿಡಿಸುವುದು ಕಮ್ಮಿ. ಅದಕ್ಕೂ ಅವರು ಪಾಪದ ಹಸುಗಳನ್ನೇ ಬೈದುಕೊಳ್ಳುತ್ತಿದ್ದರು.

ದಸರಾ ಕಳೆದ ಮೇಲೆ ಹಾಲು ಕರೆಯುವ ಹಸುವಿನ ಹಸಿ ಸಗಣಿಯನ್ನು ಕೊಂಬಿಗೆ ತುರುಕಿ, ಗುಂಡಿ ತೋಡಿ ಹೂಳುತ್ತಿದ್ದರು. ಯುಗಾದಿ ಹೊತ್ತಿಗೆ ತೆಗೆದರೆ ಒಳಗಿನ ಸಗಣಿ ಕಾಫಿಪುಡಿಯ ಹಾಗೆ ಕಪ್ಪಗೆ, ವಾಸನೆಯಿಲ್ಲದೆ ಉದುರುತ್ತಿತ್ತು. ಬಿತ್ತನೆಯ ಕಾಲಕ್ಕೆ ಒಮ್ಮೆ, ಪೈರು ಎದ್ದ ಮೇಲೆ ಇನ್ನೊಮ್ಮೆ, ಅದರಲ್ಲಿ ಒಂದು ಉಂಡೆಯನ್ನು ಬಕೆಟ್ ನೀರಿಗೆ ಹಾಕಿ ಕೋಲಿನಿಂದ ತಿರುಗಿಸಬೇಕು. ಬಲಕ್ಕೆ ತಿರುಗಿಸಿ ಗುಳಿ ಬೀಳಿಸು, ಎಡಕ್ಕೆ ತಿರುಗಿಸಿ ಗುಳಿ ಒಡೆ, ಮತ್ತೆ ಬಲಕ್ಕೆ. ಒಂದು ಗಂಟೆ ಇದೇ ಕೆಲಸ. ಟೀ ಅಂಗಡಿಯ ಮೇಜು ಒದ್ದೆಯಾಗಲು ಶುರುವಾದದ್ದು ಆಗಿನಿಂದಲೇ. ಹೊತ್ತು ಇಳಿದ ಮೇಲೆ ಆ ನೀರನ್ನು ಹೊಂಗೆ ಸೊಪ್ಪಿನ ಕಟ್ಟು ಅದ್ದಿ ಅದ್ದಿ ಹೊಲದ ಮೇಲೆ ಚಿಮುಕಿಸುತ್ತಿದ್ದರು. ಇನ್ನೊಂದು ಬೆಣಚುಕಲ್ಲಿನದ್ದು. ಕಲ್ಲನ್ನು ನುಣ್ಣಗೆ ಪುಡಿ ಮಾಡಿ ಕೊಂಬಿಗೆ ತುಂಬಿ ಹೂತಿಟ್ಟು, ತೆನೆ ಹಾಲು ತುಂಬುವಾಗ ಬೆಳಿಗ್ಗೆ ಬೆಳಿಗ್ಗೆ ಬೆನ್ನಿಗೆ ಕಟ್ಟುವ ಪಂಪಿನಿಂದ ಮಂಜಿನಂತೆ ಎಲೆಗಳ ಮೇಲೆ ಸಿಂಪಡಿಸುವುದು. ಮೊದಲ ವರ್ಷ ಆ ಕಲ್ಲನ್ನು ಹೆಂಡತಿಯ ಒರಳಿನಲ್ಲಿ ಕುಟ್ಟಿದ್ದರು. ಆ ವಾರ ಅವರ ಮನೆಯ ಚಟ್ನಿ ತಿಂದವರಿಗೆಲ್ಲ ಹಲ್ಲಿನಡಿ ವಿಜ್ಞಾನ ಸಿಕ್ಕಿತು.

ಆ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಗಂಡನಿಗಿಂತ ಗಟ್ಟಿ ದನಿ, ಗಂಡನಿಗಿಂತ ಚುರುಕು ಕಾಲು. ಅವರ ಮನೆಗೆ ಯಾವ ಹೊತ್ತಿಗೆ ಹೋದರೂ ಉಣ್ಣದೆ ಹೊರಗೆ ಬಂದವರಿಲ್ಲ. ಹಬ್ಬಕ್ಕೆ ಸಾಲಾಗಿ ಎಲೆ ಹಾಕಿದರೆ ತುದಿಯ ಎಲೆಯ ಮುಂದೆ ಹೋಗಿ ನಿಂತು, "ಇಲ್ಲಿಗೆ ಬಂತಾ?" ಅಂತ ಕೇಳಿ ನೋಡಿಯೇ ಅಡುಗೆಮನೆಗೆ ಹಿಂತಿರುಗುವ ಹೆಂಗಸು.

ಮೇಷ್ಟ್ರು ಹೊಲವನ್ನು ಎರಡು ಸಮ ಪಾಲು ಮಾಡಿದರು. ರಾಗಿಯ ನಡುವೆ ಒಂದು ಅಕ್ಕಡಿ ಸಾಲು ಬಿಟ್ಟು ಅದರಲ್ಲಿ ಅವರೆ ಹಾಕಿದರು. ಅವರೆ ಸಾಲಿನಿಂದ ಈಚೆಗೆ ಕೊಂಬಿನ ನೀರು, ಆಚೆಗೆ ಇಲ್ಲ. ಬಿತ್ತನೆ ಬೀಜ ಒಂದೇ, ಕೊಟ್ಟಿಗೆ ಗೊಬ್ಬರ ಒಂದೇ ಸಮ, ಕಳೆ ಕೀಳುವುದು ಒಂದೇ ದಿನ. ಇದಕ್ಕೆ ಅವರಿಟ್ಟ ಹೆಸರು ಕೊಟ್ಟ ಕಡೆ, ಕೊಡದ ಕಡೆ. ಕೊಯ್ಲಿನ ಹೊತ್ತಿಗೆ ಎರಡೂ ಕಡೆಯ ನಟ್ಟನಡುವೆ ಹಗ್ಗ ಹಿಡಿದು ಒಂದೇ ಅಳತೆಯ ಚೌಕ ಹಾಕಿ, ಅಷ್ಟನ್ನು ಬೇರೆ ಕುಯ್ಯಿಸಿ, ಬೇರೆ ಬೇರೆ ಬಡಿದು, ತೂರಿ, ಎರಡು ಚೀಲಕ್ಕೆ ತುಂಬುತ್ತಿದ್ದರು. ಹಿಂದೆ ಹುಣಸೆಹಣ್ಣು ತೂಗುತ್ತಿದ್ದ ಹಳೆಯ ತಕ್ಕಡಿಯೊಂದು ಅವರ ಮನೆಯಲ್ಲಿತ್ತು. ಅದನ್ನು ಹಿತ್ತಿಲ ಹಲಸಿನ ಕೊಂಬೆಗೆ ನೇತುಹಾಕಿ ಒಂದು ತಟ್ಟೆಗೆ ಆ ಚೀಲ, ಇನ್ನೊಂದಕ್ಕೆ ಈ ಚೀಲ. ಸಾಲದ್ದಕ್ಕೆ ಚೀಲಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ತೂಗುವುದು. ತಕ್ಕಡಿಯೇ ಸುಳ್ಳು ಹೇಳುತ್ತಿದ್ದರೆ?

ಮೊದಲ ವರ್ಷ ಮುಳ್ಳು ನೆಟ್ಟಗೆ ನಿಂತಿತು. "ಒಂದು ವರ್ಷದ್ದು ಲೆಕ್ಕಕ್ಕಿಲ್ಲ" ಅಂದರು. ಎರಡನೆಯ ವರ್ಷವೂ ನೆಟ್ಟಗೆ. ಮೂರನೆಯ ವರ್ಷ ಪೈರು ಎರಡೂ ಕಡೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ದಾರಿಹೋಕರು ನಿಂತು ನೋಡುತ್ತಿದ್ದರು. ಮಣ್ಣೂ ಮೆತ್ತಗಾಗಿತ್ತು, ಎರೆಹುಳು ಬಂದಿದ್ದವು. ಎರಡೂ ಕಡೆ. ಮತ್ತೆ ತೂಗಿದರು, ಮುಳ್ಳು ಅಲ್ಲಾಡಲಿಲ್ಲ. ಮೇಷ್ಟ್ರು ಹಲಸಿನ ಬುಡದಲ್ಲಿ ಕೂತು ಬಹಳ ಹೊತ್ತು ಆ ಮುಳ್ಳನ್ನೇ ನೋಡಿದರು. "ಕೊಟ್ಟಿಗೆ ಗೊಬ್ಬರದಿಂದ ಆದದ್ದು ಕಣ್ರೀ. ಕೊಂಬಿನದ್ದೇನೂ ಇಲ್ಲ" ಅಂದರು. ಅವರ ಮುಖ ನೋಡಿ ನನಗೆ ಗೇಲಿ ಮಾಡಲು ಬಾಯಿ ಬರಲಿಲ್ಲ.

ಅದೇ ಹೊತ್ತಿಗೆ ಬೈರಮಂಗಲದ ಹತ್ತಿರ ಒಂದು ತೋಟದಲ್ಲಿ ಸಾವಯವ ರೈತರು ಸೇರಿದ್ದರು. ನಮ್ಮ ಮೇಷ್ಟ್ರ ಹೊಲದ ವಿಡಿಯೊ ಯಾರೋ ಮೊಬೈಲಿನಲ್ಲಿ ಹರಿಯಬಿಟ್ಟಿದ್ದರಿಂದ ಇವರನ್ನೂ ವೇದಿಕೆಗೆ ಕರೆದು, ಶಾಲು ಹೊದಿಸಿ, ಕೊಂಬಿನ ಗೊಬ್ಬರದ ಅನುಭವ ಹೇಳಿ ಅಂದರು. ಇವರು ಮೈಕಿನ ಮುಂದೆ ನಿಂತು ಹೇಳಿದ್ದು ಇಷ್ಟೇ: "ಕೊಟ್ಟ ಕಡೆ ಎಷ್ಟು ಬಂತೋ, ಕೊಡದ ಕಡೆಯೂ ಅಷ್ಟೇ ಬಂತು. ಇಳುವರಿಗೆ ಅದರಿಂದ ಏನೂ ಆಗಲಿಲ್ಲ." ಸಭೆಯಲ್ಲಿ ಸೊಳ್ಳೆ ಹಾರಿದರೂ ಕೇಳುವಷ್ಟು ಮೌನ. ಇವರಿಗೆ ಆ ಮೌನ ಶಾಲಿಗೆ ಸಂಬಂಧಪಟ್ಟದ್ದು ಅನ್ನಿಸಿರಬೇಕು. "ಇದನ್ನ ವಾಪಸ್ ಕೊಡಬೇಕಾ?" ಅಂತ ಪಕ್ಕದವರನ್ನು ಕೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಆ ಮಾತು ಕೇಳಿ ಕೆಲವರು ಕೊಂಬು ಹೂಳುವುದನ್ನು ಬಿಟ್ಟರು. ಮೇಷ್ಟ್ರು ಮಾತ್ರ ಬಿಡಲಿಲ್ಲ. "ಇಲ್ಲ ಅಂತ ನೀವೇ ಹೇಳಿ ಬಂದಿರಿ, ಈಗ ಬಕೆಟ್ ಯಾಕೆ ತಿರುಗಿಸ್ತೀರಿ?" ಅಂತ ಕೆಣಕಿದೆ. "ಇನ್ನೊಂದು ವರ್ಷ ನೋಡೋಣ" ಅಂದರು. ಆಸೆ ಬಿಡಲಿಲ್ಲ ಅಂದುಕೊಂಡೆ.

ಆ ವರ್ಷದ ಒಂದು ಸಂಜೆಯೇ ನನಗೆ ಅವರನ್ನು ಪೂರ್ತಿಯಾಗಿ ತೋರಿಸಿದ್ದು. ಕೊಂಬಿನ ನೀರು ಚಿಮುಕಿಸಿ ಆದ ತಕ್ಷಣ ಮೇಷ್ಟ್ರು ಡೈರಿಗೆ ಹಾಲು ಹಾಕಲು ಹೋಗುವುದು ರೂಢಿ. ಬಕೆಟ್ ತೊಳೆದಿಡುವುದು ಅಕ್ಕನ ಕೆಲಸ. ಅವತ್ತು ಡೈರಿಯಲ್ಲಿ ಕರೆಂಟು ಇರಲಿಲ್ಲ, ಒಸಿ ಹೊತ್ತು ಬಿಟ್ಟು ಬನ್ನಿ ಅಂದರು. ಮೇಷ್ಟ್ರೂ ನಾನೂ ಹಾಲಿನ ಕ್ಯಾನು ಹಿಡಿದುಕೊಂಡೇ ಬದುವಿನ ಮೇಲೆ ಹಿಂದಕ್ಕೆ ಬಂದೆವು. ಅವರೆ ಸಾಲಿನ ಆಚೆ, ಕೊಡದ ಕಡೆಯಲ್ಲಿ, ಅಕ್ಕ ಸೀರೆ ಎತ್ತಿ ಕಟ್ಟಿಕೊಂಡು, ಬಕೆಟ್ಟಿಗೆ ಹೊಂಗೆ ಸೊಪ್ಪು ಅದ್ದಿ ಅದ್ದಿ ಪೈರಿನ ಬುಡಕ್ಕೆ ಚಿಮುಕಿಸುತ್ತಿದ್ದರು.

ಮೇಷ್ಟ್ರ ಕೈಯಲ್ಲಿದ್ದ ಕ್ಯಾನು ಬದುವಿನ ಮೇಲೆ ಕೂತಿತು.

"ಏನೇ ಅದು?"

"ಕಾಣಾಕಿಲ್ವಾ? ಇಕ್ತಾ ಇವ್ನಿ."

"ಅಲ್ಲಿಗೆ ಯಾಕೆ ಇಕ್ತಾ ಇದ್ದೀಯ?"

"ಪ್ರತಿ ವರ್ಸಾನೂ ಇಕ್ತೀನಿ. ನೀವು ಡೈರಿಗೆ ಓದ್ಮೇಲೆ ತಳದಾಗೆ ಮಿಕ್ಕಿರೋದ್ಕೆ ಒಸಿ ನೀರು ಉಯ್ಕಂಡು, ಇನ್ನೊಂದ್ ಉಂಡೆ ಹಾಕಿ, ನಿಮ್ಮಂಗೇ ನಾಕ್ ಸುತ್ತು ತಿರುವಿ ಇಕ್ತೀನಿ. ಬೆಳಿಗ್ಗೆ ಇಕ್ಕೋ ಕಲ್ಲಿಂದೂವೆ ಅಷ್ಟೇಯ." ದನಿಯಲ್ಲಿ ಅಂಜಿಕೆಯೇ ಇಲ್ಲ. ಅಕ್ಕ ಮುಂದುವರಿಸಿದರು. "ಸಾಲಾಗಿ ಉಣ್ಣಾಕೆ ಕುಂತವ್ರೆ. ಅರ್ಧ ಸಾಲಿಗೆ ಇಕ್ಕಿ, ಮಿಕ್ಕ ಅರ್ಧದವ್ರ ಎಲೆ ಮುಂದೆ ಅಂಗೇ ಓಗಾಕೆ ನಿಮ್ಗೆ ಮನ್ಸಾದ್ರೂ ಎಂಗ್ ಬತ್ತದೆ? ಒಂದೇ ಒಲ, ಒಂದೇ ದಿನ ಬಿತ್ತಿದ್ದು. ಆ ಕಡೇವು ಏನ್ ಪಾಪ ಮಾಡಿದ್ವು?"

"ಅದು ರಾಗಿ ಕಣೇ!"

"ರಾಗಿ ಅಂತ ನಂಗೊತ್ತಿಲ್ವಾ? ನಾಳೆ ಅದ್ನ ಉಣ್ಣೋರು ಯಾರು?"

ಮೇಷ್ಟ್ರು ಬದುವಿನ ಮೇಲೆ ಕೂತುಬಿಟ್ಟರು. "ಅಯ್ಯೋ, ಬೈರಮಂಗಲದಲ್ಲಿ ಅಷ್ಟು ಜನದ ಮುಂದೆ ಸುಳ್ಳು ಹೇಳಿಬಂದ್ನಲ್ಲೇ."

"ನೀವೆಲ್ಲಿ ಸುಳ್ಳು ಯೋಳುದ್ರಿ? ಎರಡೂ ಸಮ ಬಂದಿದ್ವು, ಸಮ ಅಂದ್ರಿ."

ನನಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರು ನನ್ನ ಕಡೆ ತಿರುಗಿ ನೋಡಿದರು, ಆ ಕಣ್ಣುಗಳಲ್ಲಿ ನೀರಿತ್ತು. ನಗು ಅಲ್ಲೇ ನಿಂತುಹೋಯಿತು. ವರ್ಷ ವರ್ಷ ಕಾದು ಪಡೆದ ಉತ್ತರ ಆ ಒಂದು ಬಕೆಟ್ಟಿನಲ್ಲಿ ಕರಗಿಹೋಗಿತ್ತು.

ಅಕ್ಕ ಮೆತ್ತಗಾದರು. "ಆ ಕಡೇಗೆ ಯಾಕೆ ಇಕ್ಬಾರ್ದು ಅಂತ ನಂಗೆ ಯಾವತ್ತು ಯೋಳಿದ್ರಿ?" ಅಂತ ಕೇಳಿದರು.

ಹೌದು, ಮೇಷ್ಟ್ರು ಹೇಳಿರಲಿಲ್ಲ. ವರ್ಷಗಟ್ಟಲೆ ಶಾಲೆಯ ಮಕ್ಕಳಿಗೆ ಹೇಳಿಕೊಟ್ಟಿದ್ದರು, ನನಗೆ ಹೇಳಿದ್ದರು, ಟೀ ಅಂಗಡಿಯವನಿಗೆ ಹೇಳಿದ್ದರು. ಮನೆಯೊಳಗೆ ಹೇಳಬೇಕು ಅನ್ನುವುದು ಹೊಳೆದೇ ಇರಲಿಲ್ಲ. ಆ ಸಂಜೆ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು, ಎರಡು ಲೋಟ ಮುಂದಿಟ್ಟುಕೊಂಡು, ಒಂದಕ್ಕೆ ಬೆಲ್ಲ ಹಾಕಿ ಇನ್ನೊಂದಕ್ಕೆ ಹಾಕದೆ, ಹೆಂಡತಿಗೆ ಮೊದಲ ಪಾಠ ಮಾಡಿದರು. ಅಕ್ಕ ರಾಗಿ ಹಿಟ್ಟು ಜರಡಿ ಹಿಡಿಯುತ್ತಲೇ ಕೇಳಿಸಿಕೊಂಡು, "ಓ, ಇಂಗಾ. ಎರಡಕ್ಕೂ ಬೆಲ್ಲ ಹಾಕ್ಬುಟ್ರೆ ಬೆಲ್ಲದ ರುಚಿ ಯಾವ್ದು ಅಂತ ಗೊತ್ತಾಗಾಕಿಲ್ಲ. ಇಷ್ಟ್ ಮಾತು ಮೊದ್ಲೇ ಯೋಳಿದ್ರೆ ಆಗ್ತಿರ್ಲಿಲ್ವಾ?" ಅಂದರು. ಆಮೇಲೆ ಬೆಲ್ಲ ಹಾಕದ ಲೋಟಕ್ಕೂ ಒಂದು ತುಣುಕು ಹಾಕಿ ನನ್ನ ಕೈಗೆ ಕೊಟ್ಟರು. ನೆಂಟರಿಗೆ ಬರಿ ನೀರು ಕೊಡುವ ಮನೆ ಅದಲ್ಲ.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಮೊಪೆಡ್ ಹತ್ತಿಕೊಂಡು ನಮ್ಮ ಬಾಗಿಲಿಗೆ ಬಂದರು. "ಹತ್ತಿ. ಹೇಳಿದ್ದನ್ನ ವಾಪಸ್ ತಗೊಂಡು ಬರಬೇಕು."

"ಫೋನ್ ಮಾಡಿದರೆ ಆಗದಾ?"

"ಎದುರಿಗೆ ನಿಂತು ಹೇಳಿದ್ದು. ಎದುರಿಗೇ ನಿಂತು ವಾಪಸ್ ತಗೋಬೇಕು."

ಆ ಮಳೆಗಾಲವೆಲ್ಲ ನಮ್ಮ ತಿರುಗಾಟ. ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣ, ಎಲ್ಲೆಲ್ಲಿ ಆ ಸಭೆಗೆ ಬಂದಿದ್ದವರು ಇದ್ದಾರೆಂದು ತಿಳಿಯಿತೋ ಅಲ್ಲೆಲ್ಲ. ಬಂಡೆಗಳ ನಡುವಿನ ರಸ್ತೆಗಳಲ್ಲಿ ನಾನು ಹಿಂದೆ ಕೂತು ಛತ್ರಿ ಹಿಡಿಯುವುದು, ಅವರು ಮುಂದೆ ಕೂತು ನೆನೆಯುವುದು. ಬೈರಮಂಗಲದ ತೋಟದ ಯಜಮಾನರು ನಗುತ್ತಾ ಕಾಫಿ ಕೊಟ್ಟು, "ಹಾಗಾದರೆ ಇಳುವರಿ ಹೆಚ್ಚುತ್ತೆ ಅಂತಾಯ್ತಲ್ಲ ಮೇಷ್ಟ್ರೇ" ಅಂದರು. ಇವರು ಕಾಫಿ ಕೆಳಗಿಟ್ಟು, "ಹಾಗೂ ಆಗಲಿಲ್ಲ. ಗೊತ್ತಿಲ್ಲ ಅಂತಾಯ್ತು" ಅಂದರು.

ಅಕ್ಕೂರಿನಲ್ಲಿ ಒಬ್ಬ ರೇಷ್ಮೆ ಬೆಳೆಗಾರ ಇದ್ದ. ಹಿಪ್ಪುನೇರಳೆ ತೋಟಕ್ಕೆ ಕೊಂಬಿನ ನೀರು ಕೊಡುತ್ತಿದ್ದವನು ಮೇಷ್ಟ್ರ ಮಾತು ಕೇಳಿ ನಿಲ್ಲಿಸಿಬಿಟ್ಟಿದ್ದ. ಅವನ ಕೊಂಬುಗಳು ಹುಳು ಮನೆಯ ಬಾಗಿಲ ಮೇಲೆ ದೃಷ್ಟಿಗೆ ಅಂತ ನೇತಾಡುತ್ತಿದ್ದವು. ಮೇಷ್ಟ್ರು ನಡೆದದ್ದನ್ನೆಲ್ಲ ಹೇಳಿದರು. ಹೆಂಡತಿಯ ಮೇಲೆ ಒಂದು ಮಾತೂ ಹಾಕಲಿಲ್ಲ. "ನಾನು ಸರಿಯಾಗಿ ಹೇಳಿಕೊಡದೆ ಎರಡೂ ಕಡೆಗೆ ಬಿದ್ದುಬಿಟ್ಟಿತ್ತು" ಅಂದರು.

"ಏನ್ ಮೇಷ್ಟ್ರೇ ನೀವು, ಓದ್ ವರ್ಸ ಇಲ್ಲ ಅಂದ್ರಿ. ಈಗ ಗೊತ್ತಿಲ್ಲ ಅಂತೀರಿ. ಬರೋ ವರ್ಸ ಏನಂತೀರಿ?"

"ಗೊತ್ತಾದ್ರೆ ಬಂದು ಹೇಳ್ತೀನಿ."

"ಅಲ್ಲೀಗಂಟ ನಾನೇನ್ ಮಾಡ್ಲಿ?"

"ನೀನೂ ಒಂದು ಪಟ್ಟೆ ಕೊಡದೆ ಬಿಡು. ಮನೆಯವರಿಗೆ ಹೇಳಿ ಬಿಡು."

ಅವನು ಹೋ ಅಂತ ನಕ್ಕ. ನಾವು ಹೊರಡುವಾಗ ಬಾಗಿಲ ಮೇಲಿನ ಕೊಂಬುಗಳನ್ನು ಕೈಯೆತ್ತಿ ಮುಟ್ಟಿ ನೋಡುತ್ತಿದ್ದ.

ದಾರಿಯಲ್ಲಿ ಒಂದು ಕಡೆ ಮಳೆಗೆ ನಿಂತಾಗ ನಾನು ಕೇಳಿಯೇಬಿಟ್ಟೆ, "ನಿಮಗೆ ಅಕ್ಕನ ಮೇಲೆ ಸಿಟ್ಟಿಲ್ಲವಾ?" ಮೇಷ್ಟ್ರು ಕನ್ನಡಕದ ನೀರು ಒರೆಸಿಕೊಂಡರು. "ಅವಳು ಬಡಿಸುವಾಗ ಯಾರನ್ನೂ ಬಿಟ್ಟವಳಲ್ಲ. ಅದು ತಿಳಿದೂ ನಾನು ಕೊಡದ ಕಡೆ ಅಂತ ಒಂದನ್ನ ಅವಳ ಕಣ್ಣೆದುರಿಗೇ ಇಟ್ಟೆನಲ್ಲ. ಸಿಟ್ಟು ಮಾಡ್ಕೊಂಡ್ರೆ ನನ್ನ ಮೇಲೇ ಮಾಡ್ಕೋಬೇಕು." ಅಷ್ಟು ವರ್ಷದಲ್ಲಿ ಅವರು ಹೆಂಡತಿಯ ಬಗ್ಗೆ ಅಷ್ಟು ಉದ್ದ ಮಾತಾಡಿದ್ದು ಅದೊಂದೇ ಸಲ.

ಕಳೆದ ವರ್ಷ ಹೊಸದಾಗಿ ಶುರು ಮಾಡಿದರು. ಬಿತ್ತನೆಯ ಹಿಂದಿನ ದಿನ ಅಕ್ಕ ಅವರೆ ಸಾಲು ಬರುವ ಜಾಗದ ಆಚೆಗೆ ಹೋಗಿ ನಿಂತು, ಪೈರೇ ಇಲ್ಲದ ಮಣ್ಣಿಗೆ, "ಈ ಸಲ ನಿಮ್ಗೆ ಇಕ್ಕಾಕಿಲ್ಲ ಕಣ್ರಪ್ಪ, ಬೇಜಾರ್ ಮಾಡ್ಕಬ್ಯಾಡಿ" ಅಂತ ಹೇಳಿ ಬಂದರು. ನಾನು ನಗುವ ಮೊದಲೇ ಮೇಷ್ಟ್ರು, "ಹೇಳಿದ್ದು ಒಳ್ಳೇದಾಯ್ತು" ಅಂದರು. ಅವರು ಮೊದಲ ಸಲ ಹೋಲಿಸಿ ನೋಡದೆ ಒಪ್ಪಿದ ಮಾತು ಅದು.

ಪೈರು ಮೊಣಕಾಲೆತ್ತರ ಬಂದಿತ್ತು. ಆ ಕಡೆ ಈ ಕಡೆ ಕಣ್ಣಿಗೆ ಕಾಣುವ ವ್ಯತ್ಯಾಸ ಏನೂ ಇರಲಿಲ್ಲ. ಆದರೂ ಮೇಷ್ಟ್ರು ದಿನಾ ಬದುವಿನ ಮೇಲೆ ಕೂತು ನೋಡುತ್ತಿದ್ದರು. "ಈ ಸಲ ತಕ್ಕಡಿ ಏನಾದರೂ ಮಾತಾಡ್ತದೆ ಕನ್ನಡ ಮೇಷ್ಟ್ರೇ. ಹೂಂ ಅನ್ನಲಿ, ಉಹೂಂ ಅನ್ನಲಿ. ನಿಜ ಹೇಳಿದರೆ ಸಾಕು." ಗೌರಿ ಹಬ್ಬಕ್ಕೆ ಹೋಳಿಗೆ ಉಂಡೆವು. ಆಮೇಲೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ. ಎದೆಯೊಳಗೆ ಏನಾಯಿತೋ, ಯಾರನ್ನೂ ಎಬ್ಬಿಸದೆ ಹೋಗಿದ್ದರು. ಮಣ್ಣು ಮಾಡುವಾಗ ಅಕ್ಕೂರಿನವನು ಬಂದು ದೂರ ನಿಂತಿದ್ದ.

ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ, ಒಂದು ದಿನ ಹೊತ್ತು ಮೂಡುವ ಮೊದಲೇ ಅಕ್ಕ ನನ್ನನ್ನು ಕರೆಸಿದರು. ರಾಗಿ ತೆನೆ ಹಾಲು ತುಂಬುತ್ತಿತ್ತು. ಬೆಣಚುಕಲ್ಲಿನ ನೀರು ಕೊಡುವ ಕಾಲ. ಬಕೆಟ್ ಮುಂದಿಟ್ಟುಕೊಂಡು ತಿರುವುತ್ತಾ ಕೂತಿದ್ದರು, ಬಲಕ್ಕೆ, ಎಡಕ್ಕೆ. "ಒಬ್ಳೇ ಓದ್ರೆ ಆ ಕಡೇಗೂ ಇಕ್ಬುಡ್ತೀನೇನೋ ಅಂತ ಭಯ ಅಣ್ಣ. ನೀವು ಒಸಿ ಜೊತೇಲಿ ಇರಿ."

ಕೊಟ್ಟ ಕಡೆಗೆ ಸಿಂಪಡಿಸಿ ಮುಗಿಸಿದರು. ಅವರೆ ಸಾಲಿನ ಹತ್ತಿರ ಬಂದು ನಿಂತರು. ಪಂಪಿನಲ್ಲಿ ಇನ್ನೂ ನೀರು ಮಿಕ್ಕಿತ್ತು. ಆಚೆಯ ತೆನೆಗಳು ಇಬ್ಬನಿಯಲ್ಲಿ ನೆನೆದು ತಲೆ ಬಾಗಿಸಿದ್ದವು. ಬೇಡ ಅನ್ನುವ ಅಧಿಕಾರ ನನಗಿರಲಿಲ್ಲ. ಆಮೇಲೆ ಅಕ್ಕ ಮಿಕ್ಕ ನೀರನ್ನು ಬದುವಿನ ಹೊಂಗೆ ಮರದ ಬುಡಕ್ಕೆ ಸುರಿದು, ಸೆರಗಿನಿಂದ ಮುಖ ಮುಚ್ಚಿಕೊಂಡು, ಬಿರಬಿರನೆ ಮನೆಯ ಕಡೆ ನಡೆದರು. ಗಂಡ ಹೋದಾಗಲೂ ಜನರ ಮುಂದೆ ಹಾಗೆ ಅಳದಿದ್ದ ಹೆಂಗಸು.

ಸಂಕ್ರಾಂತಿಗೆ ಮುಂಚೆ ಒಕ್ಕಣೆಯಾಯಿತು. ಹಗ್ಗ ಹಿಡಿದು ಚೌಕ ಹಾಕಿದ್ದು ನಾನು, ಕುಯ್ದು ಬಡಿದು ತೂರಿದ್ದು ಅಕ್ಕ. ಹಲಸಿನ ಕೊಂಬೆಗೆ ತಕ್ಕಡಿ ನೇತುಹಾಕಿದೆವು. ಎರಡು ಚೀಲ ಇಟ್ಟು ಕೈ ಬಿಟ್ಟೆವು. ಮುಳ್ಳು ಅತ್ತಿತ್ತ ಆಡಿ, ಕೊಟ್ಟ ಕಡೆಗೆ ಇಷ್ಟೇ ಇಷ್ಟು ವಾಲಿ ನಿಂತಿತು. ನಾನು ಉಸಿರು ಬಿಡುವ ಮೊದಲೇ ಅಕ್ಕ, ಯಾರೂ ಹೇಳದೆಯೇ, ಚೀಲಗಳನ್ನು ಅದಲುಬದಲು ಮಾಡಿದರು. ಮುಳ್ಳೂ ಆ ಕಡೆಗೆ ತಿರುಗಿ ಅಷ್ಟೇ ವಾಲಿತು.

ಅಕ್ಕ ಮೊರ ತಂದರು. ಭಾರದ ಚೀಲದಿಂದ ರಾಗಿಯನ್ನು ಹಿಡಿ ಹಿಡಿಯಾಗಿ ಮೊರಕ್ಕೆ ತೆಗೆಯುತ್ತಾ, ಮುಳ್ಳನ್ನು ನೋಡುತ್ತಾ, ಅದು ನೆಟ್ಟಗಾದ ತಕ್ಷಣ ಕೈ ನಿಲ್ಲಿಸಿದರು. ಮೊರದಲ್ಲಿದ್ದ ರಾಗಿ ನೋಡಿದೆ. ಮೇಷ್ಟ್ರು ಜೀವಮಾನದ ಕೊನೆಯ ಭಾಗವನ್ನೆಲ್ಲ ಕೊಟ್ಟು ಕೇಳಿದ ಪ್ರಶ್ನೆಗೆ ಹೊಲ ಕೊಟ್ಟ ಉತ್ತರ ಅಷ್ಟು. ಕೊಂಬಿನಿಂದ ಬಂದದ್ದೋ, ಆ ಜಾಗದ ಮಣ್ಣೇ ಒಂದಿಷ್ಟು ಹೆಚ್ಚು ಕೊಟ್ಟದ್ದೋ, ನಾನು ಹೇಳಲಾರೆ. ಅವರಿದ್ದಿದ್ದರೆ ಅದನ್ನೇ ಹೇಳುತ್ತಿದ್ದರು.

"ಒಂದ್ ಮುದ್ದೆಗೆ ಆಯ್ತದೆ" ಅಂದರು ಅಕ್ಕ.

ಅಷ್ಟಕ್ಕಾಗಿ ಹಿಟ್ಟಿನ ಮಿಷನ್ನಿಗೆ ಹೋಗುವಂತಿರಲಿಲ್ಲ. ಮೂಲೆಯಲ್ಲಿದ್ದ ಬೀಸುವ ಕಲ್ಲನ್ನು ತೊಳೆದು ಒಣಗಿಸಿ, ತಾವೇ ಬೀಸಿದರು. ಎರಡು ಕಡೆಗೂ ಸೇರದ ಆ ಅವರೆ ಸಾಲಿನ ಕಾಯಿ ಬಿಡಿಸಿ ಸಾರು ಮಾಡಿದರು. ಸೊನೆಯ ಘಮ ಹಿತ್ತಿಲವರೆಗೂ ಬರುತ್ತಿತ್ತು. ಮೇಷ್ಟ್ರ ಫೋಟೋದ ಮುಂದೆ ಎಲೆ ಹಾಕಿ, ನೀರು ಚಿಮುಕಿಸಿ, ಹೊಗೆಯಾಡುವ ಆ ಒಂದೇ ಮುದ್ದೆಯನ್ನು ನಡುವೆ ಇಟ್ಟು ಎಡೆ ಮಾಡಿದರು. ಪಕ್ಕದಲ್ಲಿ ನನಗೂ ಒಂದು ಎಲೆ ಹಾಕಿದ್ದರು, ಬೇರೆ ಹಿಟ್ಟಿನ ಮುದ್ದೆ ಬಡಿಸಿದರು. ಆಮೇಲೆ ಫೋಟೋದ ಕಡೆ ತಿರುಗಿ, ದಿನಾ ಮಾತಾಡುತ್ತಿದ್ದ ದನಿಯಲ್ಲೇ ಹೇಳಿದರು:

"ತಗಳಿ, ನಿಮ್ಮ ಕೊಂಬು ಈ ಸಲ ಕೊಟ್ಟಿದ್ದು ಇಷ್ಟು. ಒಂದ್ ವರ್ಸದ್ದು ಲೆಕ್ಕಕ್ಕಿಲ್ಲ ಅಂತೀರಿ, ನಂಗೊತ್ತು. ಬರೋ ವರ್ಸಾನೂ ಆ ಕಡೇಗೆ ಇಕ್ಕಾಕಿಲ್ಲ, ಸಂಕ್ಟ ಆದ್ರೂ ತಡ್ಕತ್ತೀನಿ. ಈಗ ಉಣ್ಣಿ, ಆರೋಯ್ತದೆ."